ಸಿಡಿ ಪ್ಲೇಯರ್ ಕೊಳ್ಳುವ ಮುಂಚೆ ಅದರ ಬೆನ್ನು ನೋಡಿ

ಡ್ಯಾಕ್, ಅಂದರೆ ಅಂಕಿಗಳನ್ನು ಸದ್ದಿನ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ, ಬೇರೆಯಾಗಿ ಇಟ್ಟುಕೊಂಡವರಿಗೆ ಸಿಡಿ ಪ್ಲೇಯರ್ ಅಂದರೆ ಡಿಸ್ಕ್ ತಿರುಗಿಸಿ, ಅದರಲ್ಲಿರುವ ಅಂಕಿಗಳನ್ನು ಓದಿ, ಹಾಗೇ ಆಚೆ ದಾಟಿಸುವ ಯಂತ್ರ, ಅಷ್ಟೇ. ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದೂ 16 ಬಿಟ್, ಎಡಕ್ಕೊಂದು ಬಲಕ್ಕೊಂದು ಚಾನೆಲ್. 1982ರಲ್ಲಿ ಸಿಡಿ ಬಂದಾಗಿನಿಂದ ಈ ಲೆಕ್ಕ ಬದಲಾಗಿಲ್ಲ. ಹಾಗಾಗಿ ಒಳಗೆ ಯಾವ ಕನ್ವರ್ಟರ್ ಚಿಪ್ ಇದೆ ಅನ್ನುವ ಬಣ್ಣನೆಗೆ ದುಡ್ಡು ಕೊಡಬೇಡಿ. ನಿಮ್ಮ ಮನೆಯಲ್ಲಿ ಆ ಚಿಪ್‌ಗೆ ಕೆಲಸವೇ ಇಲ್ಲ. ದುಡ್ಡು ಹೋಗಬೇಕಾದ್ದು ಲೇಸರ್‌ಗೆ ಮತ್ತು ಟ್ರೇಗೆ.

ಅದಕ್ಕೂ ಮುಂಚೆ ಹಿಂಬದಿ ನೋಡಿ. ಕಿತ್ತಳೆ ಅಥವಾ ಕಪ್ಪು ಬಣ್ಣದ ಒಂಟಿ ಆರ್‌ಸಿಎ (ದುಂಡನೆಯ ಪಿನ್ ಸಿಕ್ಕಿಸುವ) ಸಾಕೆಟ್ ಇದ್ದರೆ ಅದು ಕೋಆಕ್ಸಿಯಲ್, ಅಂಕಿಗಳನ್ನು ತಂತಿಯಲ್ಲಿ ಡ್ಯಾಕ್‌ಗೆ ಕಳಿಸುವ ದಾರಿ. ಪುಟ್ಟ ಚೌಕದ ಮುಚ್ಚಳವಿದ್ದರೆ ಆಪ್ಟಿಕಲ್, ಅದೇ ಅಂಕಿಗಳನ್ನು ಬೆಳಕಿನಲ್ಲಿ ಕಳಿಸುವುದು. ಎರಡೂ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ವಾಪಸ್ ಇಟ್ಟುಬಿಡಿ. ಒಂದೇ ಕಂಪನಿಯ ಅಕ್ಕಪಕ್ಕದ ಮಾಡೆಲ್‌ಗಳಲ್ಲೂ ಇದು ಕೈಕೊಡುತ್ತದೆ: ಕೇಂಬ್ರಿಡ್ಜ್ ಆಡಿಯೋದ ಎಎಕ್ಸ್‌ಸಿ35ರಲ್ಲಿ ಕೋಆಕ್ಸಿಯಲ್ ಇದೆ, ಅದರ ತಮ್ಮ ಎಎಕ್ಸ್‌ಸಿ25ರಲ್ಲಿ ಇಲ್ಲ. ಯಮಹಾ ಸಿಡಿ-ಎಸ್303, ಮರಾಂಟ್ಜ್ ಸಿಡಿ6007, ನ್ಯಾಡ್ ಸಿ538 ಇವುಗಳಲ್ಲಿ ಎರಡೂ ಇವೆ. ಡ್ಯಾಕ್ ಇಲ್ಲದ, ಬರೀ ಟ್ರಾನ್ಸ್‌ಪೋರ್ಟ್ ಅಂತಲೇ ಮಾರುವ ಪೆಟ್ಟಿಗೆಗಳೂ ಸಿಗುತ್ತವೆ, ಆದರೆ ಚಿಪ್ ತೆಗೆದ ಮಾತ್ರಕ್ಕೆ ಬೆಲೆ ಇಳಿದಿರುವುದಿಲ್ಲ.

ಡ್ಯಾಕ್ ಕಡೆಯಲ್ಲೂ ಎಡವುವ ಜಾಗ ಒಂದಿದೆ. ಪ್ಲೇಯರ್‌ನ ಮುಂದಿರುವ ಯುಎಸ್‌ಬಿ ಪೆನ್‌ಡ್ರೈವ್ ಹಾಕಲಿಕ್ಕೆ. ಅದರಿಂದ ಡ್ಯಾಕ್‌ಗೆ ಏನೂ ಬರುವುದಿಲ್ಲ. ಬರೀ ಯುಎಸ್‌ಬಿ ಇರುವ ಡ್ಯಾಕ್ ಕೊಂಡರೆ ಸಿಡಿ ಪ್ಲೇಯರ್ ಜೋಡಿಸಲು ಜಾಗವೇ ಇರುವುದಿಲ್ಲ. ಟಾಪಿಂಗ್ ಡಿ10ರ ಹಿಂದೆ ಕೋಆಕ್ಸಿಯಲ್, ಆಪ್ಟಿಕಲ್ ಎರಡೂ ಕಾಣುತ್ತವೆ, ಆದರೆ ಅವು ಔಟ್, ಇನ್ ಅಲ್ಲ. ಅದೇ ಕಂಪನಿಯ ಇ30ರಲ್ಲಿ ಅವೆರಡೂ ಇನ್. ಸಾಕೆಟ್ ಕಂಡರೆ ಸಾಲದು, ಅದರ ಕೆಳಗಿನ ಅಕ್ಷರ ಓದಿ.

ಇನ್ನು ಅಟ್ಟದ ಮೇಲಿರುವ ಹಳೇ ಡಿವಿಡಿ ಪ್ಲೇಯರ್. ಅಗ್ಗ ಅನ್ನುವುದಾದರೆ ಇದಕ್ಕಿಂತ ಅಗ್ಗ ಯಾವುದಿದೆ? ಹಳೆಯವುಗಳಲ್ಲಿ ಬಹುಪಾಲಿಗೆ ಕೋಆಕ್ಸಿಯಲ್ ಇತ್ತು. ಕೊನೆಕೊನೆಗೆ ಬಂದ ತೆಳ್ಳನೆಯ ಪ್ಲೇಯರ್‌ಗಳಲ್ಲಿ ಅನೇಕಕ್ಕೆ ಎಚ್‌ಡಿಎಂಐ ಮಾತ್ರ ಉಳಿಯಿತು, ಅವು ಬೇಡ. ಕೇಬಲ್ಲಿಗೂ ಖರ್ಚಿಲ್ಲ: ಡಿವಿಡಿ ಜೊತೆ ಬಂದ ಹಳದಿ-ಕೆಂಪು-ಬಿಳಿ ತಂತಿಯಲ್ಲಿ ಹಳದಿಯದ್ದು ವಿಡಿಯೋಗೆಂದೇ ಮಾಡಿದ 75 ಓಮ್ ತಂತಿ, ಕೋಆಕ್ಸಿಯಲ್ ಕೇಳುವುದೂ ಅದನ್ನೇ. ಒಂದೂವರೆ ಮೀಟರ್ ಸಾಕು.

ಟಿವಿಗೆ ಜೋಡಿಸಿ ಸೆಟಪ್ ಮೆನುವಿನಲ್ಲಿ ಡಿಜಿಟಲ್ ಔಟ್ ಅನ್ನು ಪಿಸಿಎಂ (ಅಂಕಿಗಳನ್ನು ಸಂಕುಚಿಸದೆ ಕಳಿಸುವ ಆಯ್ಕೆ) ಮಾಡಿ. ಈಕ್ವಲೈಸರ್, ಸರೌಂಡ್, ಕರೋಕೆ ಎಲ್ಲ ಆಫ್. ಆಮೇಲೆ ಟಿವಿ ಕಿತ್ತುಹಾಕಬಹುದು. ಈಗ ಹಾಡು ಓಡುತ್ತಿರುವಾಗ ಪ್ಲೇಯರ್‌ನ ರಿಮೋಟ್‌ನಲ್ಲಿ ವಾಲ್ಯೂಮ್ ಒತ್ತಿ ನೋಡಿ. ಡ್ಯಾಕ್‌ನಿಂದ ಬರುವ ಸದ್ದೂ ತಗ್ಗಿತೋ, ಪ್ಲೇಯರ್ ಅಂಕಿಗಳಿಗೆ ಕೈ ಹಾಕುತ್ತಿದೆ ಎಂದರ್ಥ. ವಾಲ್ಯೂಮ್ ಪೂರ್ತಿ ಏರಿಸಿ, ಆ ರಿಮೋಟ್ ಎತ್ತಿಡಿ. ಡ್ಯಾಕ್‌ನ ಪರದೆಯಲ್ಲಿ 44.1 (ಸೆಕೆಂಡಿಗೆ 44,100 ಸ್ಯಾಂಪಲ್) ಅಂತ ಇರಬೇಕು. 48 ತೋರಿಸಿದರೆ ಪ್ಲೇಯರ್ ತಾನೇ ಲೆಕ್ಕ ಬದಲಿಸಿ ಕಳಿಸುತ್ತಿದೆ. ಮೆನುವಿನಲ್ಲಿ ಸರಿಹೋಗದಿದ್ದರೆ ಅದನ್ನು ಮರಳಿ ಅಟ್ಟಕ್ಕೆ ಏರಿಸಿ.

ಡಿವಿಡಿ ಪ್ಲೇಯರ್‌ಗಳ ಇನ್ನೊಂದು ರೋಗ ಹಾಡು ಹಾಡಿನ ನಡುವಿನ ಮೌನ. ಸಿನಿಮಾ ಹಾಡಿಗೆ ಇದು ಗೊತ್ತಾಗುವುದೂ ಇಲ್ಲ. ಆದರೆ ಕಛೇರಿಯ ಸಿಡಿಯಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಮುಂದಿನದು ಅಂತ ಕತ್ತರಿಸಿರುತ್ತಾರೆ. ನಡುವೆ ತಂಬೂರಿ ನಿಂತು ಮತ್ತೆ ಶುರುವಾದರೆ ರಸಭಂಗ. ಕೆಲವು ಪ್ಲೇಯರ್ ಆ ಹೊತ್ತಿನಲ್ಲಿ ಸಿಗ್ನಲ್ಲನ್ನೇ ನಿಲ್ಲಿಸುತ್ತವೆ. ಡ್ಯಾಕ್ ಹಿಡಿತ ಕಳೆದುಕೊಂಡು, ಮತ್ತೆ ಹಿಡಿಯುವಷ್ಟರಲ್ಲಿ ಮೊದಲ ಸ್ವರ ನುಂಗಿಹೋಗಿರುತ್ತದೆ. ಕೊಳ್ಳುವ ಮುಂಚೆ ಇಂಥದ್ದೇ ಒಂದು ಡಿಸ್ಕ್ ಹಾಕಿ ಕೇಳಿ. ನೂರಾರು ಹಾಡು ತುಂಬಿದ ಎಂಪಿ3 ಡಿಸ್ಕ್‌ಗಳ ರಾಶಿ ಇರುವವರಿಗೆ ಮಾತ್ರ ಡಿವಿಡಿ ಪ್ಲೇಯರೇ ಸರಿ. ತೊಂಬತ್ತರ ದಶಕದ ಸಿಡಿ ಪ್ಲೇಯರ್‌ಗಳಿಗೆ ಅದು ಓದಲು ಬರುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಸಿಡಿ ಪ್ಲೇಯರ್ ನೋಡಲು ಹೋಗುವಾಗ 70 ನಿಮಿಷ ದಾಟುವ ಒಂದು ಡಿಸ್ಕ್ ಜೊತೆಗಿರಲಿ. ಸಿಡಿ ಓಡುವುದು ಒಳಗಿನಿಂದ ಹೊರಗೆ, ಅಂಚಿನಲ್ಲಿ ಓಲಾಟ ಜಾಸ್ತಿ. ಮೊದಲ ಹಾಡು ಚೆನ್ನಾಗಿ ಬಂದು ಕೊನೆಯದ್ದು ತಡವರಿಸಿದರೆ ಲೇಸರ್ ದಣಿದಿದೆ, ಇಲ್ಲವೇ ಅದು ಜಾರುವ ಹಳಿಯಲ್ಲಿ ಗ್ರೀಸ್ ಗಟ್ಟಿಯಾಗಿದೆ. ಒಂದನೇ ಹಾಡಿನಿಂದ ಕೊನೆಯದಕ್ಕೆ, ಅಲ್ಲಿಂದ ವಾಪಸ್, ಹೀಗೆ ನಾಲ್ಕೈದು ಸಲ ಹಾರಿಸಿ. ಅರ್ಧ ಗಂಟೆ ಓಡಲು ಬಿಡಿ. ಬಿಸಿಯಾದ ಮೇಲೆ ತಲೆ ಎತ್ತುವ ದೋಷಗಳಿವೆ. ಟ್ರೇ ತೆರೆಯದೆ ಗುಂಯ್ ಅಂದರೆ ಹೆದರಬೇಡಿ, ರಬ್ಬರ್ ಬೆಲ್ಟ್ ಜಡ್ಡಾಗಿದೆ ಅಷ್ಟೇ, ಬೆಲೆ ಇಳಿಸಲು ಒಳ್ಳೆಯ ನೆಪ.

ಲೇಸರ್ ಸತ್ತಿದ್ದರೆ ಬದಲಿ ಸಿಗುತ್ತದೆಯೇ ಅನ್ನುವುದು ಮುಖ್ಯ. ಸೋನಿಯ ಕೆಎಸ್‌ಎಸ್-213 ಬಳಗದ ಲೇಸರ್ ಎಷ್ಟೋ ಕಂಪನಿಗಳ ಪ್ಲೇಯರ್‌ಗಳಲ್ಲಿದೆ, ಇವತ್ತಿಗೂ ನಕಲು ಪ್ರತಿಗಳು ಸುಲಭವಾಗಿ ಸಿಗುತ್ತವೆ. ಹೊಸದರ ಪುಟ್ಟ ಬೋರ್ಡಿನ ಮೇಲೆ ಎರಡು ಬಿಂದುಗಳನ್ನು ಸೇರಿಸಿದ ಬೆಸುಗೆಯ ಚುಕ್ಕೆ ಇರುತ್ತದೆ, ಮೈಮೇಲಿನ ಸ್ಥಾಯೀ ವಿದ್ಯುತ್ತಿನಿಂದ ಲೇಸರ್ ಸುಡದಿರಲಿ ಅಂತ. ರಿಬ್ಬನ್ ಕೇಬಲ್ ಸಿಕ್ಕಿಸಿದ ಮೇಲೆ ಅದನ್ನು ಸೋಲ್ಡರಿಂಗ್ ಐರನ್‌ನ ಬಿಸಿ ತುದಿಯಿಂದ ಬಿಡಿಸಬೇಕು. ಇದನ್ನು ಮರೆತು, ಹೊಸ ಲೇಸರ್ ಹಾಕಿದರೂ ‘ನೋ ಡಿಸ್ಕ್’ ಅನ್ನುತ್ತಿದೆ ಎಂದು ಪ್ಲೇಯರ್ ಬಿಸಾಕುವವರು ಕಡಿಮೆಯೇನಿಲ್ಲ. ಲೇಸರ್ ಬದಲಿಸುವ ಮುಂಚೆ ಲೆನ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಹತ್ತಿಕಡ್ಡಿಯಿಂದ ಹಗುರಾಗಿ ಒರೆಸಿ ನೋಡಿ. ನಮ್ಮ ಊರುಗಳ ಧೂಳಿಗೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಜಪಾನಿನ ಮಾರುಕಟ್ಟೆಗೆಂದು ಮಾಡಿದ ಪ್ಲೇಯರ್ ಆದರೆ ಬೆನ್ನ ಮೇಲೆ 100 ವೋಲ್ಟ್ ಅಂತಿರುತ್ತದೆ. ನಮ್ಮ 230ಕ್ಕೆ ನೇರ ಚುಚ್ಚಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ.

ಕೋಆಕ್ಸಿಯಲ್ಲೋ ಆಪ್ಟಿಕಲ್ಲೋ ಅನ್ನುವ ಜಗಳ ನನಗೆ ರುಚಿಸುವುದಿಲ್ಲ. ಡಿಶ್ ಬಾಕ್ಸ್ ಕೂಡ ಅದೇ ಆಂಪ್ಲಿಫೈಯರ್‌ಗೆ ಸೇರಿ ಸ್ಪೀಕರಿನಲ್ಲಿ ಹಮ್ ಬರುತ್ತಿದ್ದರೆ ಆಪ್ಟಿಕಲ್ ಹಾಕಿ ನೋಡಿ; ಅದರಲ್ಲಿ ಹೋಗುವುದು ಬೆಳಕು, ಆ ದಾರಿಯಲ್ಲಿ ಅರ್ತ್ ಲೂಪ್ (ಪೆಟ್ಟಿಗೆಗಳ ಅರ್ತ್ ತಂತಿಗಳು ಸುತ್ತುಗೂಡಿ ಹಮ್ ತರುವುದು) ಕೂಡುವುದೇ ಇಲ್ಲ. ತುದಿಯ ಪ್ಲಾಸ್ಟಿಕ್ ಟೋಪಿ ತೆಗೆಯಲು ಮರೆಯಬೇಡಿ, ಕೇಬಲ್ ಮಡಚಬೇಡಿ.

ಕಡೆಗೆ ಹಳೇ ಡಿಸ್ಕ್‌ಗಳ ಒಂದು ತಂಟೆ. ಎಂಬತ್ತರ ದಶಕದ ಕೆಲವು ಸಿಡಿಗಳನ್ನು ಪ್ರೀ-ಎಂಫಸಿಸ್ ಹಾಕಿ, ಅಂದರೆ ಮೇಲಿನ ಸ್ವರಗಳನ್ನು ಬೇಕೆಂದೇ ಏರಿಸಿ ಅಚ್ಚು ಹಾಕಿದ್ದರು. ತೀರ ಮೇಲೆ ಈ ಏರಿಕೆ ಸುಮಾರು 9 ಡೆಸಿಬಲ್ ಮುಟ್ಟುತ್ತದೆ. ಡಿಸ್ಕ್‌ನಲ್ಲಿರುವ ಗುರುತು ನೋಡಿ ಅದನ್ನು ಇಳಿಸುವುದು ಪ್ಲೇಯರ್‌ನ ಸ್ವಂತ ಚಿಪ್‌ನ ಕೆಲಸವಾಗಿತ್ತು. ಈಗಿನ ಎಷ್ಟೋ ಡ್ಯಾಕ್‌ಗಳು ಆ ಗುರುತನ್ನು ಕಂಡೂ ಕಾಣದಂತಿರುತ್ತವೆ. ಒಂದೇ ಒಂದು ಡಿಸ್ಕ್‌ನಲ್ಲಿ ತಾಳದ ಸದ್ದು ಕಿವಿಗೆ ಚುಚ್ಚಿದರೆ ಡ್ಯಾಕ್ ಕೆಟ್ಟಿದೆ ಅಂದುಕೊಳ್ಳಬೇಡಿ. ಪ್ಲೇಯರ್‌ನ ಕೆಂಪು-ಬಿಳಿ ಅನಲಾಗ್ ಔಟ್‌ನಿಂದ ಆಂಪ್ಲಿಫೈಯರ್‌ಗೆ ಇನ್ನೊಂದು ಜೋಡಿ ತಂತಿ ಎಳೆದಿಟ್ಟು, ಆ ಡಿಸ್ಕನ್ನು ಅದರಲ್ಲೇ ಕೇಳಿ.