ಕೆರೆಯಲ್ಲಿ ಎದ್ದ ಅಲೆ

ಪೆರ್ಲದ ಸಮೀಪ ನಮ್ಮ ಮನೆಯ ಮೇಲಿನ ಗುಡ್ಡದಲ್ಲಿ ಅಜ್ಜನ ಕಾಲದ ಒಂದು ಸುರಂಗವಿದೆ. ಮುರಕಲ್ಲನ್ನು ಅಡ್ಡಲಾಗಿ ಕೊರೆದು ಮಾಡಿದ ಆ ಸುರಂಗದಿಂದ ಒಸರುವ ನೀರು 8 ಮೀಟರು ಉದ್ದ, 5 ಮೀಟರು ಅಗಲದ ಕೆರೆಗೆ ಬಂದು ಬೀಳುತ್ತದೆ. ಅಡಿಕೆ ತೋಟದ ಸ್ಪ್ರಿಂಕ್ಲರುಗಳಿಗೆ ನೀರು ಹೋಗುವುದು ಆ ಕೆರೆಯಿಂದಲೇ. ಬೇಸಿಗೆಯಲ್ಲಿ ಸುರಂಗವು ರಾತ್ರಿ ಬೆಳಗಾಗುವುದರೊಳಗೆ ಎಷ್ಟು ನೀರು ಕೊಡುತ್ತದೆ ಎಂಬುದನ್ನು ಅಂದಾಜಿನಿಂದಲ್ಲ, ಅಳತೆಯಿಂದಲೇ ತಿಳಿಯಬೇಕೆಂದು ಕಳೆದ ಮಾರ್ಚ್ ತಿಂಗಳಿನಲ್ಲಿ ಕೆರೆಯ ತಳಕ್ಕೆ ಒಂದು ಒತ್ತಡದ ಸೆನ್ಸರನ್ನು ಇಳಿಸಿದೆ.

ವ್ಯವಸ್ಥೆ ಸರಳವಾದುದು. ಸೆನ್ಸರು 0ಯಿಂದ 5 ಮೀಟರಿನವರೆಗಿನ ನೀರಿನ ಆಳವನ್ನು 4ರಿಂದ 20 ಮಿಲಿಆಂಪಿಯರಿನ ವಿದ್ಯುತ್ ಪ್ರವಾಹವಾಗಿ ಹೇಳುತ್ತದೆ. ಆ ಪ್ರವಾಹವನ್ನು 250 ಓಮಿನ ರೆಸಿಸ್ಟರಿನ ಮೂಲಕ ಹರಿಸಿದರೆ 1ರಿಂದ 5 ವೋಲ್ಟು ಸಿಗುತ್ತದೆ. ಅದನ್ನು ಮನೆಯ ಜಗಲಿಯಲ್ಲಿರುವ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಫಲಕ ಓದಿ ಲ್ಯಾಪ್‌ಟಾಪಿಗೆ ಕೊಡುತ್ತದೆ. 5 ವೋಲ್ಟನ್ನು 1,024 ಮೆಟ್ಟಿಲುಗಳಾಗಿ ಎಣಿಸುವ, ಅಂದರೆ ಹತ್ತು ಬಿಟ್ಟಿನ, ಆ ಫಲಕಕ್ಕೆ ಒಂದು ಎಣಿಕೆಯೆಂದರೆ 4.88 ಮಿಲಿವೋಲ್ಟು, ಅಂದರೆ ನೀರಿನ ಮಟ್ಟದಲ್ಲಿ ಸುಮಾರು 6 ಮಿಲಿಮೀಟರು, ನಮ್ಮ ಕೆರೆಯ ವಿಸ್ತಾರಕ್ಕೆ ಸುಮಾರು 240 ಲೀಟರು. ಸುರಂಗದ ಲೆಕ್ಕಕ್ಕೆ ಇಷ್ಟು ಸೂಕ್ಷ್ಮತೆ ಧಾರಾಳ ಸಾಕೆಂದುಕೊಂಡಿದ್ದೆ.

ಮೊದಲ ದಿನವೇ ಪಂಪು ಚಾಲೂ ಆದೊಡನೆ ನಕ್ಷೆಯಲ್ಲಿ ಅಲೆ ಎದ್ದಿತು. ಮಟ್ಟವು ಇಳಿಯುತ್ತಲೇ ಇತ್ತಾದರೂ ಆ ಇಳಿಜಾರಿನ ಮೇಲೆ ಅರ್ಧ ನಿಮಿಷಕ್ಕೊಮ್ಮೆ 12 ಸೆಂಟಿಮೀಟರು ಮೇಲೆ, 12 ಸೆಂಟಿಮೀಟರು ಕೆಳಗೆ ಹೋಗುವ ನಯವಾದ ಅಲೆಯೊಂದು ಸವಾರಿ ಮಾಡುತ್ತಿತ್ತು. ಪಂಪು ನಿಂತ ಕ್ಷಣವೇ ಅಲೆಯೂ ನಿಲ್ಲುತ್ತಿತ್ತು. 12 ಸೆಂಟಿಮೀಟರೆಂದರೆ 4,800 ಲೀಟರು; ಅಷ್ಟು ನೀರು ನಿಮಿಷಕ್ಕೆ ಎರಡು ಬಾರಿ ಕೆರೆಗೆ ಬಂದು ಹೋಗುವುದು ಸಾಧ್ಯವಿಲ್ಲ. ಪಂಪಿನ ಸೆಳೆತಕ್ಕೆ ನೀರು ತುಯ್ಯುತ್ತಿರಬಹುದೇ ಎಂದು ದಂಡೆಯಲ್ಲಿ ಕುಳಿತು ಅಳತೆಪಟ್ಟಿ ನೋಡಿದರೆ ಬೆರಳಗಲದ ಅಲುಗಾಟವೂ ಇರಲಿಲ್ಲ. ಸೆನ್ಸರನ್ನು ಮೇಲಕ್ಕೆತ್ತಿ ಒಂದು ಬಕೆಟು ನೀರಿನಲ್ಲಿ ಮುಳುಗಿಸಿ ಪಂಪು ಚಾಲೂ ಮಾಡಿದೆ. ಬಕೆಟಿನಲ್ಲಿಯೂ ಅದೇ ಅಲೆ! ನೀರಿನ ಮೇಲಿನ ಸಂದೇಹ ಅಲ್ಲಿಗೆ ತೀರಿತು.

ಕರೆಂಟಿನ ಲೈನಿನಿಂದ ಸೆನ್ಸರಿನ ತಂತಿಗೆ ನುಸುಳುವ ವಿದ್ಯುತ್ ಗದ್ದಲವೆಂದರೆ ಮುಳ್ಳುಮುಳ್ಳಾಗಿ ಚೆಲ್ಲಾಪಿಲ್ಲಿ ಕಾಣಬೇಕು, ಇಷ್ಟು ನಿಧಾನವಾದ ಅಲೆ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ನನ್ನನ್ನು ಎರಡು ದಿನ ಕಾಡಿತು. ಉತ್ತರವಿದ್ದದ್ದು ನಾನು ಓದುವ ವೇಗದಲ್ಲಿ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ನಾನು ಓದುತ್ತಿದ್ದದ್ದು ಸೆಕೆಂಡಿಗೆ ಒಂದು ಸಲ. ಕರೆಂಟು ಕರಾರುವಾಕ್ಕಾಗಿ 50 ಹರ್ಟ್ಸ್ ಇದ್ದರೆ ಪ್ರತಿಸಲವೂ ಆವರ್ತದ ಒಂದೇ ಬಿಂದುವನ್ನು ಕಾಣುತ್ತೇವೆ. ಆದರೆ ನಮ್ಮ ದೇಶದ ಗ್ರಿಡ್‌ನಲ್ಲಿ ಅದು 49.90ರಿಂದ 50.05ರ ನಡುವೆ ಇರಬೇಕೆಂಬುದು ನಿಯಮ, ಆ ನಡುವೆ ಅದು ತೂಗುತ್ತಲೇ ಇರುತ್ತದೆ. 49.97 ಇದ್ದಾಗ ಪ್ರತಿ ಸೆಕೆಂಡಿಗೂ ಆವರ್ತದ ನೂರರಲ್ಲಿ ಮೂರು ಪಾಲಿನಷ್ಟು ಹಿಂದೆ ಬೀಳುತ್ತೇವೆ, ಸುಮಾರು 33 ಸೆಕೆಂಡಿಗೆ ಒಂದು ಪೂರ್ತಿ ಅಲೆ ಮೂಡುತ್ತದೆ. ಓಡುವ ಗಾಡಿಯ ಚಕ್ರ ಸಿನೆಮಾದಲ್ಲಿ ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ.

ಊಹೆಯನ್ನು ಪರೀಕ್ಷಿಸಲು ಓದುವ ಅಂತರವನ್ನು 1,000 ಮಿಲಿಸೆಕೆಂಡಿನಿಂದ 970ಕ್ಕೆ ಇಳಿಸಿದೆ. 970 ಮಿಲಿಸೆಕೆಂಡಿನಲ್ಲಿ 48.5 ಆವರ್ತಗಳು ಕಳೆಯುವುದರಿಂದ ಒಂದು ಓದು ಮೇಲೆ, ಮರು ಓದು ಕೆಳಗೆ ಬೀಳಬೇಕು. ನೀರಿನ ಅಲೆಯಾಗಿದ್ದರೆ ನಾನು ಯಾವಾಗ ನೋಡುತ್ತೇನೆಂಬುದು ಅದಕ್ಕೆ ಗೊತ್ತಾಗುವಂತಿಲ್ಲ. ನಯವಾದ ಅಲೆ ಮಾಯವಾಗಿ ಗರಗಸದ ಹಲ್ಲು ಕಾಣಿಸಿಕೊಂಡಾಗ ಆದ ಸಂತೋಷವನ್ನು ಹಂಚಿಕೊಳ್ಳಲು ಜಗಲಿಯಲ್ಲಿ ಯಾರೂ ಇರಲಿಲ್ಲ.

50 ಹರ್ಟ್ಸ್ ಒಳನುಗ್ಗಿದ ದಾರಿಯನ್ನು ಹುಡುಕುವಾಗ ಇನ್ನೊಂದು ವಿಚಿತ್ರ ಎದುರಾಯಿತು. ಏನನ್ನೂ ಜೋಡಿಸದೆ ಖಾಲಿ ಬಿಟ್ಟಿದ್ದ ಎ3 ಎಂಬ ಇನ್‌ಪುಟ್ಟು, ಪಕ್ಕದ ಎ2ಕ್ಕೆ ಜೋಡಿಸಿದ್ದ ಅಡಿಕೆ ಒಣಗಿಸುವ ಶೆಡ್ಡಿನ ಉಷ್ಣಾಂಶವನ್ನು ಅನುಕರಿಸುತ್ತಿತ್ತು. ಇದು ದೋಷವಲ್ಲ. ಊನೊದಲ್ಲಿ ಆರು ಬಾಗಿಲುಗಳಿದ್ದರೂ ಒಳಗೆ ಅಳೆಯುವವನು ಒಬ್ಬನೇ. ಅವನ ಕೈಯಲ್ಲಿರುವ ವಿದ್ಯುತ್ತನ್ನು ಹಿಡಿದಿಡುವ 14 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರಿನಲ್ಲಿ ಹಿಂದಿನ ಬಾಗಿಲಿನ ವೋಲ್ಟೇಜು ಉಳಿದಿರುತ್ತದೆ, ಖಾಲಿ ಬಾಗಿಲಿನಲ್ಲಿ ಅದನ್ನು ಅಳಿಸುವವರಿಲ್ಲ. ಎ3ನ್ನು ಗ್ರೌಂಡಿಗೆ ಸೇರಿಸಿದೊಡನೆ ಅದು ಸೊನ್ನೆ ತೋರಿಸಿ ಸುಮ್ಮನಾಯಿತು.

ಆದರೆ ಈ ಖಾಲಿ ಬಾಗಿಲೇ ಮುಂದೆ ಉಪಕಾರಕ್ಕೆ ಬಂತು. ಪಂಪು ಶೆಡ್ಡಿನಿಂದ ಮನೆಗೆ ಎಳೆದ 60 ಮೀಟರು ಕೇಬಲಿನಲ್ಲಿ ಒಂದು ತಂತಿ ಮಿಕ್ಕಿತ್ತು. ಶೆಡ್ಡಿನಲ್ಲಿ ಅದನ್ನು ಸೆನ್ಸರಿಗೆ ಕರೆಂಟು ಕೊಡುವ 24 ವೋಲ್ಟಿನ ಸಪ್ಲೈಯ ಮೈನಸ್ಸಿಗೆ ಸೇರಿಸಿ, ಈ ತುದಿಯನ್ನು ಎ3ಕ್ಕೆ ಕೊಟ್ಟೆ. ಎರಡೂ ಕಡೆಯ ಮೈನಸ್ಸು ಒಂದೇ ತಂತಿಯಿಂದ ಸೇರಿದೆಯಾದ್ದರಿಂದ ಸೊನ್ನೆಯೇ ಬರಬೇಕಿತ್ತು. ಪಂಪು ಓಡಿದಾಗ ಬಂದದ್ದು 20 ಎಣಿಕೆಯ ಅದೇ ಅಲೆ. ಸೊನ್ನೆಯ ಕೆಳಗಿನ ಅರ್ಧ ಊನೊಗೆ ಕಾಣುವುದಿಲ್ಲ, ಮೇಲಿನ ಅರ್ಧವೇ ಸಾಕಾಗಿತ್ತು. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ಅದೂ ಹೋಯಿತು.

ತಪ್ಪು ನನ್ನದೇ. ಶೆಡ್ಡಿನಲ್ಲಿ ಸಪ್ಲೈಯ ಮೈನಸ್ಸನ್ನು ಪಂಪಿನ ಅರ್ತಿಗೆ ಸೇರಿಸಿದ್ದೆ. ಮನೆಯಲ್ಲಿ ಚಾರ್ಜರಿನ ಮೂಲಕ ಅದು ಮನೆಯ ಅರ್ತಿಗೂ ಸೇರಿತ್ತು. ಬೇಸಿಗೆಯಲ್ಲಿ ಒಣಗಿದ ಮುರಕಲ್ಲಿನಲ್ಲಿ ಅರ್ತಿನ ಸಲಾಕೆಗೆ ನೆಲದ ಹಿಡಿತ ಕಡಿಮೆ. ಮೋಟಾರಿನಿಂದ ಸೋರಿದ ಕರೆಂಟು ನೆಲಕ್ಕಿಳಿಯಲು ಕಷ್ಟಪಟ್ಟು, ನನ್ನ ತೆಳ್ಳನೆಯ ಮೈನಸ್ ತಂತಿಯನ್ನು ಹಿಡಿದು ಮನೆಯ ಕಡೆ ಬರುತ್ತಿತ್ತು. ಇದಕ್ಕಿಂತ ದೊಡ್ಡ ಅವಿವೇಕವೆಂದರೆ 250 ಓಮಿನ ರೆಸಿಸ್ಟರನ್ನು ಶೆಡ್ಡಿನಲ್ಲಿಯೇ ಕೂರಿಸಿದ್ದು. ಮಿಲಿಆಂಪಿಯರನ್ನು ಮನೆಯವರೆಗೂ ತಂದು ಊನೊದ ಪಕ್ಕದಲ್ಲಿ ವೋಲ್ಟು ಮಾಡಿದ್ದರೆ ದಾರಿಯಲ್ಲಿನ ಏರುಪೇರು ಅದನ್ನು ಮುಟ್ಟುತ್ತಿರಲಿಲ್ಲ. ಪ್ರವಾಹವನ್ನೇ ಕಳುಹಿಸುವ ಪದ್ಧತಿ ಬಂದಿರುವುದೇ ಅದಕ್ಕಾಗಿ. ರೆಸಿಸ್ಟರನ್ನು ಮನೆಗೆ ತಂದೆ, ಶೆಡ್ಡಿನ ಅರ್ತಿನಿಂದ ಮೈನಸ್ಸನ್ನು ಬಿಡಿಸಿದೆ. ಅಲೆ ಮತ್ತೆ ಬರಲಿಲ್ಲ.

ನೂರು ಮಿಲಿಸೆಕೆಂಡಿನುದ್ದಕ್ಕೆ ಹಲವು ಓದುಗಳನ್ನು ತೆಗೆದು ಸರಾಸರಿ ಮಾಡಿದ್ದರೆ ಐದು ಪೂರ್ಣ ಆವರ್ತಗಳು ತಮ್ಮೊಳಗೇ ಕಳೆದುಹೋಗಿ ನಕ್ಷೆ ಮೊದಲ ದಿನವೇ ನಯವಾಗುತ್ತಿತ್ತು; ಹಾಗೆ ಮಾಡುವ ಮನಸ್ಸೂ ಬಂದಿತ್ತು. ಮಾಡದಿದ್ದದ್ದು ಒಳ್ಳೆಯದಾಯಿತು, ಏಕೆಂದರೆ ಮೋಟಾರು ಸೋರುತ್ತಿದೆಯೆಂಬ ಸುದ್ದಿ ಸಿಕ್ಕಿದ್ದು ಆ ಅಲೆಯಿಂದ. ಪಂಪಿನ ಲೈನನ್ನು ಯಾವುದೋ ಕಾಲದಲ್ಲಿ ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಮನೆಯ ಇಎಲ್‌ಸಿಬಿ ಸ್ವಿಚ್ಚಿಗೆ ಒಳಪಡಿಸದೆ ಬೇರೆಯೇ ಎಳೆದಿದ್ದರು. ವಯರಿಂಗಿನವರನ್ನು ಕರೆಸಿದಾಗ, “ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲವಲ್ಲ ಮಾಷ್ಟ್ರೇ, ಮತ್ತೇನು?” ಎಂದರು. “ಒಮ್ಮೆ ಮೆಗ್ಗರ್ ಹಾಕಿ ನೋಡಿ” ಎಂದು, ಸೋರಿಕೆ ಪರೀಕ್ಷಿಸುವ ಆ ಉಪಕರಣವನ್ನು ಹಾಕುವಂತೆ ಒತ್ತಾಯಿಸಿದೆ. ನೋಡಿದ ಮೇಲೆ ಅವರೇ ಮೋಟಾರನ್ನು ಬಿಚ್ಚಿ ರೀವೈಂಡಿಂಗಿಗೆ ಕೊಂಡುಹೋದರು.

ಈಗ ರಾತ್ರಿಯ ಗೆರೆ ನಿಧಾನವಾಗಿ ಏರುತ್ತದೆ: ಹತ್ತು ಗಂಟೆಗೆ 6 ಸೆಂಟಿಮೀಟರು, ಸುಮಾರು 2,400 ಲೀಟರು. ಆದರೆ ಪ್ರತಿದಿನ ಬೆಳಿಗ್ಗೆ ಐದೂವರೆಗೆ ಅದು ಒಂದು ಎಣಿಕೆ, ಕೆಲವೊಮ್ಮೆ ಎರಡು ಎಣಿಕೆ ಕುಸಿಯುತ್ತಿತ್ತು. ಪುನಃ ತಂತಿಗಳನ್ನೆಲ್ಲ ಬಿಚ್ಚಿ ಎ3ನ್ನು ಕಾವಲಿಗೆ ಕೂರಿಸಿದೆ. ಅದು ಸೊನ್ನೆ ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಊಟಕ್ಕೆ ಕುಳಿತಾಗ ಅಮ್ಮನಲ್ಲಿ ಹೇಳಿದೆ. “ಹಾಲು ಕರೆಯುವ ಮೊದಲು ಕೊಟ್ಟಿಗೆ ತೊಳೆಯುವುದು ಬೇಡವೇ? ಕೆರೆಯ ಪೈಪು ಬಿಡುವುದು ನಾನೇ” ಎಂದು ಸಾರು ಬಡಿಸಿದರು.