ತೊಟ್ಟಿಲ ಕೊಕ್ಕೆಗೆ ಆವರಣ ಚಿಹ್ನೆಯ ದೀಪ: ನಾಲ್ಕು ವಾರಗಳ ಕೆಲಸದ ದಿನಚರಿ

ಮೊದಲ ವಾರ

ಮೈಸೂರಿನ ನಮ್ಮ ಹಳೆಯ ಮನೆಯ ನಡುಕೋಣೆಯ ತೊಲೆಯಲ್ಲಿ ಒಂದು ಕಬ್ಬಿಣದ ಕೊಕ್ಕೆಯಿದೆ. ನನ್ನನ್ನೂ ತಂಗಿಯನ್ನೂ ತೂಗಿದ ತೊಟ್ಟಿಲು ಅದಕ್ಕೇ ಕಟ್ಟಿದ್ದಂತೆ. ಆಮೇಲೆ ಮೂವತ್ತು ವರ್ಷ ಅದಕ್ಕೆ ಕೆಲಸವಿರಲಿಲ್ಲ. ಆ ಕೋಣೆಯನ್ನು ಓದುವುದಕ್ಕೆಂದು ಮಾಡಿಕೊಂಡ ಮೇಲೆ ದೀಪದ ಪ್ರಶ್ನೆ ಎದ್ದಿತು. ಹಗಲು ಮೇಜಿನ ಮುಂದೆ ಕೂರುತ್ತೇನೆ, ರಾತ್ರಿ ಚಾಪೆಯ ಮೇಲೆ ಗೋಡೆಗೊರಗಿ ಓದುತ್ತೇನೆ. ಒಂದೇ ದೀಪ ಈ ಎರಡು ಎತ್ತರಗಳ ನಡುವೆ ಏರಿಳಿಯಬೇಕು, ಹಳೆಯ ಗೋಡೆಗೂ ತಾರಸಿಗೂ ಹೊಸದಾಗಿ ಒಂದು ತೂತೂ ಬೀಳಬಾರದು.

ಇಂಥದೊಂದು ದೀಪವನ್ನು ಇಟಲಿಯ ಫ್ಲೋಸ್ ಕಂಪನಿ 1971ರಲ್ಲೇ ಮಾರುಕಟ್ಟೆಗೆ ತಂದಿತ್ತು. ಹೆಸರು ಪಾರೆಂತೇಸಿ, ಎಂದರೆ ಆವರಣ ಚಿಹ್ನೆ. ಮೇಲಿನಿಂದ ಕೆಳಗೆ ಬಿಗಿದ ಒಂದು ಉಕ್ಕಿನ ಕೇಬಲ್, ಅದನ್ನು ಬಿಗಿಯಾಗಿಡಲು ಕೆಳತುದಿಗೆ ರಬ್ಬರ್ ಹೊದಿಸಿದ ತೂಕ, ನಡುವೆ ಕೇಬಲ್ಲನ್ನು ತನ್ನೊಳಗೆ ಪೋಣಿಸಿಕೊಂಡ ಬಾಗಿದ ಕೊಳವೆ, ಆ ಕೊಳವೆಗೆ ಅಂಟಿದ ಒಂದು ಬಲ್ಬು. ಕೈಯಿಂದ ತಳ್ಳಿದರೆ ಕೊಳವೆ ಜಾರುತ್ತದೆ, ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಎಲ್ಲಿಯೂ ಬಿಗಿಮಾಡುವ ತಿರುಪಿಲ್ಲ. ಈ ತಿರುಪಿಲ್ಲದ ನಿಲುವು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಕೈಯಾರೆ ಮಾಡಿ ತಿಳಿಯಬೇಕೆನ್ನಿಸಿ ಈ ಕೆಲಸಕ್ಕೆ ಇಳಿದೆ. ಮಾರುವುದಕ್ಕಲ್ಲ, ಒಂದೇ ಒಂದು, ನನ್ನ ಕೋಣೆಗೆ.

ಈ ವಾರ ಆದದ್ದು ಕೊಕ್ಕೆಯ ಪರೀಕ್ಷೆ ಮಾತ್ರ. ಒಂದು ಮೂಟೆ ಅಕ್ಕಿಯನ್ನು ಎರಡು ದಿನ ತೂಗಹಾಕಿದೆ, ಕೊಕ್ಕೆ ಅಲುಗಲಿಲ್ಲ. ಉಳಿದ ಹೊತ್ತೆಲ್ಲ ಓದಿನಲ್ಲಿ ಕಳೆಯಿತು.

ಫ್ಲೋಸ್ ಹುಟ್ಟಿದ್ದು 1962ರಲ್ಲಿ, ಆಲ್ಪ್ಸ್ ತಪ್ಪಲಿನ ಮೆರಾನೊ ಊರಿನಲ್ಲಿ. ಲ್ಯಾಟಿನ್ನಿನಲ್ಲಿ ಫ್ಲೋಸ್ ಎಂದರೆ ಹೂವು. ಈ ಹೂವಿನ ಬೇರು ಹುಡುಕುತ್ತ ಹೋದರೆ ಸಿಗುವುದು ಯುದ್ಧಸಾಮಗ್ರಿಗೆ ಹೊದಿಸುತ್ತಿದ್ದ ಪ್ಲಾಸ್ಟಿಕ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದವರು ಬಳಕೆಯಿಲ್ಲದೆ ನಿಲ್ಲಿಸಿದ ಯಂತ್ರಗಳಿಗೆ ತುಕ್ಕು ಹಿಡಿಯದಂತೆ ಒಂದು ಬಗೆಯ ಪ್ಲಾಸ್ಟಿಕ್ ದ್ರವವನ್ನು ಸಿಂಪಡಿಸುತ್ತಿದ್ದರು. ಅದು ಜೇಡರ ಬಲೆಯಂತೆ ಎಳೆಎಳೆಯಾಗಿ ಹರಡಿ, ಒಣಗಿ, ರೇಷ್ಮೆಗೂಡಿನಂಥ ಪೊರೆಯಾಗುತ್ತಿತ್ತು. ಅದರ ಹೆಸರೇ ಕೊಕೂನ್. ಮೆರಾನೊದ ಆರ್ತುರೊ ಐಸೆನ್‌ಕೈಲ್ ಈ ವಸ್ತುವನ್ನು ತರಿಸಿಕೊಂಡು, ಇದರಿಂದ ಏನು ಮಾಡಬಹುದೆಂದು ಹುಡುಕುತ್ತಿದ್ದರು. ಪೀಠೋಪಕರಣದ ಉದ್ಯಮಿಗಳಾದ ದೀನೊ ಗವೀನಾ ಮತ್ತು ಚೆಸಾರೆ ಕಸ್ಸೀನಾ ಇದರಲ್ಲಿ ದೀಪವನ್ನು ಕಂಡರು. ಮಿಲಾನಿನ ವಾಸ್ತುಶಿಲ್ಪಿ ಸೋದರರಾದ ಪಿಯರ್ ಜಾಕೊಮೊ ಮತ್ತು ಅಕೀಲೆ ಕಾಸ್ತಿಲ್ಯೋನಿ ಅವರನ್ನೂ ತೋಬಿಯಾ ಸ್ಕಾರ್ಪಾ ಅವರನ್ನೂ ಕರೆತಂದರು. ತಂತಿಯ ಚೌಕಟ್ಟನ್ನು ತಿರುಗಿಸುತ್ತ ಅದರ ಮೇಲೆ ಕೊಕೂನ್ ಸಿಂಪಡಿಸಿದಾಗ ಪೊರೆ ತಂತಿಯಿಂದ ತಂತಿಗೆ ತಾನಾಗಿ ಬಿಗಿದುಕೊಂಡಿತು. ತರಾಕ್ಸಾಕುಮ್, ವಿಸ್ಕೊಂತೆಯಾ, ಗಾತ್ತೊ ಎಂಬ ಮೊದಲ ದೀಪಗಳ ಆಕಾರವನ್ನು ಅರ್ಧ ವಿನ್ಯಾಸಕರು ಕೊಟ್ಟರು, ಇನ್ನರ್ಧವನ್ನು ಆ ಪೊರೆಯೇ ಕೊಟ್ಟಿತು ಎನ್ನಬಹುದು. ವಸ್ತು ಮೊದಲು ಕೈಗೆ ಬಂತು, ಅದಕ್ಕೊಂದು ಕೆಲಸ ಆಮೇಲೆ ಸಿಕ್ಕಿತು.

ಎರಡನೆಯ ವಾರ

ಮುಖ್ಯ ಕೆಲಸ ಕೊಳವೆಯದು. 12 ಮಿಲಿಮೀಟರಿನ ಸ್ಟೀಲ್ ಪೈಪನ್ನು ಅರ್ಧ ಮೀಟರ್ ಕತ್ತರಿಸಿ ತಂದೆ. ಪೈಪನ್ನು ಬರಿದಾಗಿ ಬಾಗಿಸಿದರೆ ಬಾಗಿದ ಜಾಗದಲ್ಲಿ ಚಪ್ಪಟೆಯಾಗುತ್ತದೆ. ಆದ್ದರಿಂದ ಒಳಗೆ ಒಣಮರಳು ತುಂಬಿ, ಎರಡೂ ಬಾಯಿಗೆ ಬಿರಡೆ ಜಡಿದು, ವೆಲ್ಡಿಂಗ್ ಅಂಗಡಿಯ ಯಜಮಾನರ ಕೈಯಲ್ಲಿ ಬಾಗಿಸಿದ್ದಾಯಿತು. ಅವರು ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿ, "ಸ್ಕ್ರೂ ಎಲ್ಲಿ ಸಾರ್? ಇದು ನಿಲ್ಲೋದು ಹೇಗೆ?" ಎಂದು ಕೇಳಿದರು.

ಅದೇ ಪ್ರಶ್ನೆಯ ಸುತ್ತ ಪಾರೆಂತೇಸಿಯ ಇತಿಹಾಸವೂ ಇದೆ. ಮೂಲ ಕಲ್ಪನೆ ಪಿಯೊ ಮಾಂಜು ಅವರದು. ಅವರು ಶಿಲ್ಪಿ ಜಾಕೊಮೊ ಮಾಂಜು ಅವರ ಮಗ, ಫಿಯೆಟ್ 127 ಕಾರಿನ ವಿನ್ಯಾಸಕ. ನೆಟ್ಟಗೆ ನಿಂತ ಒಂದು ಕಂಬಿ, ಅದರ ಮೇಲೆ ಏರಿಳಿಯುವ ಸೀಳುಬಾಯಿಯ ಡಬ್ಬಿ, ಬೇಕಾದ ಎತ್ತರದಲ್ಲಿ ಅದನ್ನು ಹಿಡಿದು ನಿಲ್ಲಿಸಲು ಒಂದು ತಿರುಪು. ಅವರು ಯೋಚಿಸಿದ್ದು ಇಷ್ಟು. 1969ರಲ್ಲಿ, ಮೂವತ್ತರ ಹರೆಯದಲ್ಲೇ, ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಅವರು ಬಿಟ್ಟುಹೋದ ಕಲ್ಪನೆಯನ್ನು ಅಕೀಲೆ ಕಾಸ್ತಿಲ್ಯೋನಿ ಕೈಗೆತ್ತಿಕೊಂಡು ಕಂಬಿಯನ್ನು ತೆಗೆದು ಕೇಬಲ್ ತಂದರು, ಡಬ್ಬಿಯನ್ನು ತೆಗೆದು ಬರಿಯ ಬಲ್ಬನ್ನು ಉಳಿಸಿದರು, ಕೊಳವೆಯನ್ನು ಬಾಗಿಸಿ ತಿರುಪನ್ನೇ ಬೇಡವಾಗಿಸಿದರು. ಹೀಗೆ ಅಳಿಸುತ್ತ ಅಳಿಸುತ್ತ ಹೋಗಿ ಕೊನೆಗೆ ಉಳಿಯುವ ಒಂದು ಮುಖ್ಯ ಅಂಶವನ್ನು ಹಿಡಿಯುವುದೇ ಅವರ ಕ್ರಮವಾಗಿತ್ತು, ವಿದ್ಯಾರ್ಥಿಗಳಿಗೂ ಅವರು ಹೇಳುತ್ತಿದ್ದುದು ಇದನ್ನೇ. ಪಾರೆಂತೇಸಿಗೆ 1979ರಲ್ಲಿ ಇಟಲಿಯ ವಿನ್ಯಾಸ ಕ್ಷೇತ್ರದ ಹಿರಿಯ ಪ್ರಶಸ್ತಿಯಾದ ಕೊಂಪಾಸ್ಸೊ ದೋರೊ ಬಂತು.

ನನ್ನ ಕೊಳವೆ ಮಾತ್ರ ನಿಲ್ಲಲಿಲ್ಲ. ಹಳೆಯ ತಕ್ಕಡಿಯ 2 ಕಿಲೋ ಬಟ್ಟುಗಳೆರಡನ್ನು ಕೇಬಲ್ಲಿನ ಕೆಳತುದಿಗೆ ಕಟ್ಟಿ, ದೀಪ ಮತ್ತು ಕೊಳವೆ ಸೇರಿ 600 ಗ್ರಾಂ ಆಗುವಂತೆ ಜೋಡಿಸಿ ಕೈಬಿಟ್ಟರೆ, ಅದು ಸಾವಧಾನವಾಗಿ, ಅವಸರವೇ ಇಲ್ಲದೆ, ನೆಲದವರೆಗೂ ಜಾರಿಬಂತು. ಲೆಕ್ಕ ಹಾಕಿದ ಮೇಲೆ ಕಾರಣ ತಿಳಿಯಿತು. ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ತುದಿ ಹಿಡಿದರೆ ಒಬ್ಬನೇ ಅದನ್ನು ತಡೆಯಬಲ್ಲ. ಇಲ್ಲಿಯೂ ಅದೇ ನ್ಯಾಯ. ಕೇಬಲ್ ಕೊಳವೆಯ ಒಳಗೋಡೆಗೆ ಒತ್ತಿಕೊಂಡು ಒಟ್ಟು ಎಷ್ಟು ಕೋನ ತಿರುಗುತ್ತದೆಯೋ ಅದರ ಮೇಲೆ ಹಿಡಿತ ನಿಂತಿದೆ. ನನ್ನ ಕೊಳವೆಯ ಉಬ್ಬು ಒಂದೂವರೆ ಸೆಂಟಿಮೀಟರಿನಷ್ಟೇ ಇತ್ತು. ಒಳಹೋಗುವಾಗ, ಒಳಗೆ ಮತ್ತು ಹೊರಬರುವಾಗ ಸೇರಿ ಕೇಬಲ್ ತಿರುಗುತ್ತಿದ್ದುದು ಹೆಚ್ಚೆಂದರೆ 30 ಡಿಗ್ರಿ. ಉಕ್ಕಿನ ಮೇಲೆ ಉಕ್ಕಿನ ಘರ್ಷಣೆಯನ್ನು 0.2 ಎಂದು ಹಿಡಿದರೆ, 4 ಕಿಲೋ ಬಿಗಿತಕ್ಕೆ ಅದು ಹೊರಬಲ್ಲ ಭಾರ ಸುಮಾರು 440 ಗ್ರಾಂ. ಉಬ್ಬನ್ನು ಮೂರು ಸೆಂಟಿಮೀಟರಿಗೆ ಏರಿಸಿದರೆ ತಿರುವು 60 ಡಿಗ್ರಿಯ ಹತ್ತಿರ ಬರುತ್ತದೆ, ಹೊರುವ ಭಾರ 900 ಗ್ರಾಂ ಆಸುಪಾಸಿಗೆ ಏರುತ್ತದೆ.

ಮೂರನೆಯ ವಾರ

ಮತ್ತೆ ಮರಳು, ಮತ್ತೆ ವೆಲ್ಡಿಂಗ್ ಅಂಗಡಿ. ಉಬ್ಬು ಮೂರು ಸೆಂಟಿಮೀಟರ್ ಆಯಿತು, ಆದರೂ ಜಾರಿತು! ಅರ್ಧ ದಿನ ಲೆಕ್ಕವನ್ನೇ ಅನುಮಾನಿಸಿ, ಕೊನೆಗೆ ಕೇಬಲ್ಲನ್ನು ಹೊರಗೆಳೆದು ಬೆರಳಿನಿಂದ ಒರೆಸಿ ನೋಡಿದರೆ ಕಪ್ಪು ಜಿಡ್ಡು. ಪೈಪು ಕತ್ತರಿಸುವಾಗ ಹಾಕಿದ ಎಣ್ಣೆ ಒಳಗೇ ಉಳಿದಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಸೀಗೆಪುಡಿ ಹಾಕಿ ಉಜ್ಜಿ, ಬಿಸಿಲಿನಲ್ಲಿ ಒಣಗಿಸಿ ಪೋಣಿಸಿದೆ. ನಿಂತಿತು. ಎರಡು ಬೆರಳಿನಲ್ಲಿ ತಳ್ಳಿದರೆ ಏರುತ್ತದೆ, ಬಿಟ್ಟರೆ ಅಲ್ಲೇ ಇರುತ್ತದೆ.

ದೀಪದ ತಲೆಗೆ ಮನೆಯ ಒಂದು ಸ್ಟೀಲ್ ಲೋಟವನ್ನೇ ಬಳಸಿದ್ದೇನೆ. ಇದನ್ನು ಜಿಪುಣತನ ಎಂದುಕೊಳ್ಳುವವರು ಫ್ಲೋಸ್‌ನ 1962ರ ತೊಯೊ ದೀಪವನ್ನು ನೋಡಬೇಕು. ಕಾಸ್ತಿಲ್ಯೋನಿ ಸೋದರರು ಅದರಲ್ಲಿ ಕಾರಿನ ಹೆಡ್‌ಲೈಟನ್ನು ಕಂಬದ ತುದಿಗೆ ಕೂರಿಸಿದರು, ವಿದ್ಯುತ್ ತಂತಿಯನ್ನು ಮೀನಿನ ಗಾಳದ ಕೋಲಿಗಿರುವ ಉಂಗುರಗಳಲ್ಲಿ ಹಾಯಿಸಿದರು, ಹೆಡ್‌ಲೈಟಿಗೆ ಹೇಗೂ ಬೇಕಾದ ಟ್ರಾನ್ಸ್‌ಫಾರ್ಮರನ್ನು ಬುಡದಲ್ಲಿಟ್ಟು ಅದರ ಭಾರದಿಂದಲೇ ದೀಪವನ್ನು ನಿಲ್ಲಿಸಿದರು. ಮುಚ್ಚಿಟ್ಟದ್ದು ಏನೂ ಇಲ್ಲ.

ಅದೇ ವರ್ಷದ ಆರ್ಕೊ ಎಲ್ಲರಿಗೂ ಗೊತ್ತಿರುವ ದೀಪ. ತಾರಸಿಗೆ ತೂತು ಕೊರೆಯದೆ ಊಟದ ಮೇಜಿನ ನಡುವಿಗೆ ಬೆಳಕು ಬೀಳಬೇಕು, ಬಡಿಸುವವರು ಮೇಜಿನ ಸುತ್ತ ಓಡಾಡಲು ಜಾಗವೂ ಬೇಕು. ಬೀದಿದೀಪ ಬಾಗಿರುವುದನ್ನು ನೋಡಿದ ಸೋದರರಿಗೆ ಉತ್ತರ ಅಲ್ಲಿ ಸಿಕ್ಕಿತು. ಎರಡು ಮೀಟರಿನಷ್ಟು ಚಾಚಿದ ಉಕ್ಕಿನ ಕಮಾನಿಗೆ ಎದುರು ಭಾರವಾಗಿ ಸುಮಾರು 65 ಕಿಲೋ ತೂಗುವ, ಇಟಲಿಯ ಕರಾರಾ ಊರಿನ ಅಮೃತಶಿಲೆಯ ದಿಂಡು. ಕಾಲಿಗೆ ತಾಗಿದರೆ ಗಾಯವಾಗದಂತೆ ಅದರ ಮೂಲೆಗಳನ್ನು ಸವರಿದ್ದಾರೆ. ದಿಂಡಿನಲ್ಲಿರುವ ತೂತು ನೋಡಿದವರಿಗೆ ಅಲಂಕಾರವೆನ್ನಿಸಬಹುದು, ಆದರೆ ಅದು ಇರುವುದು ಕಸಬರಿಕೆಯ ಹಿಡಿಯನ್ನು ತೂರಿಸಿ ಇಬ್ಬರು ಎತ್ತಿಡಲು. ಶ್ರೀಮಂತರ ಹಜಾರದ ಗುರುತಾಗಿಬಿಟ್ಟ ವಸ್ತುವಿನ ಒಡಲಲ್ಲಿ ಕಸಬರಿಕೆಗೊಂದು ಜಾಗ ಕಾದಿರುವುದು ನನಗೆ ಬಹಳ ಹಿಡಿಸಿದ ವಿವರ. ದೀಪದ ಬಟ್ಟಲಿನ ನೆತ್ತಿಯ ತೂತುಗಳೂ ಹಾಗೆಯೇ, ಬಿಸಿಯನ್ನು ಹೊರಬಿಡುತ್ತವೆ, ತಾರಸಿಗೂ ಒಂದಿಷ್ಟು ಬೆಳಕು ಚೆಲ್ಲುತ್ತವೆ. ಅದನ್ನು ನೋಡಿಯೇ ನನ್ನ ಲೋಟದ ತಳಕ್ಕೂ ಹನ್ನೆರಡು ತೂತು ಕೊರೆಸಿದೆ. ಎಲ್‌ಇಡಿ ಬಲ್ಬು ತಣ್ಣಗಿರುತ್ತದೆ ಎಂದು ಹೇಳುವವರು ಅದರ ಬುಡವನ್ನು ಒಮ್ಮೆ ಮುಟ್ಟಿನೋಡಬೇಕು.

ಬಿಸಿಯ ಪಾಠವನ್ನು ಕಾಸ್ತಿಲ್ಯೋನಿಯವರೂ ಕೈ ಸುಟ್ಟುಕೊಂಡೇ ಕಲಿತರು. ತಾಚ್ಚಾ ಎಂಬ ಮೇಜುದೀಪದ ಮೊದಲ ಮಾದರಿಯ ಪ್ಲಾಸ್ಟಿಕ್ ಬಟ್ಟಲು ಬಲ್ಬಿನ ಶಾಖಕ್ಕೆ ಸೊಟ್ಟಗಾಯಿತು. ಬಟ್ಟಲನ್ನು ಗಾಜಿಗೆ ಬದಲಾಯಿಸಿದರು. ಬುಡದ ಲೋಹಕ್ಕೆ ದೇಗುಲದ ಕಂಬದಂತೆ ಉದ್ದುದ್ದ ಗೀರುಗಳಿದ್ದು, ಶಾಖ ಅವುಗಳಿಂದ ಬೇಗ ಹೊರಹೋಗುತ್ತದೆ. ಆ ಗಾಜಿನ ಬಟ್ಟಲು ಬುಡದ ಮೇಲೆ ಸುಮ್ಮನೆ ಕೂತಿರುತ್ತದೆ, ಬೇಕಾದತ್ತ ವಾಲಿಸಬಹುದು. ಅಲ್ಲಿಯೂ ತಿರುಪಿಲ್ಲ.

ನಾಲ್ಕನೆಯ ವಾರ

ಲೋಹದ ಕೊಳವೆ, ಲೋಹದ ಲೋಟ, 230 ವೋಲ್ಟ್. ಆದ್ದರಿಂದ ಅರ್ತ್ ತಂತಿ ಜೋಡಿಸುವ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿದೆ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಫ್ಲೋಸ್‌ನ ಮುಂದಿನ ಕಥೆಯನ್ನು ಈ ವಾರ ಓದಿ ಮುಗಿಸಿದೆ. 1960ರ ದಶಕದಲ್ಲಿ ಸೆರ್ಜೊ ಗಾಂದೀನಿ ಚುಕ್ಕಾಣಿ ಹಿಡಿದು, ಕಂಪನಿಯನ್ನು ಲೋಹದ ಕೆಲಸಕ್ಕೆ ಹೆಸರಾದ ಬ್ರೆಶಾ ಸೀಮೆಗೆ ತಂದರು. 1970ರ ದಶಕದಲ್ಲಿ ಜೀನೊ ಸರ್ಫಾತ್ತಿ 1939ರಲ್ಲಿ ಕಟ್ಟಿದ ಆರ್ತೆಲೂಚೆ ಕಂಪನಿಯೂ ಫ್ಲೋಸ್‌ನ ಒಡೆತನಕ್ಕೆ ಬಂತು. 1968ರಲ್ಲಿ ಪಿಯರ್ ಜಾಕೊಮೊ ತೀರಿಕೊಂಡ ಮೇಲೂ ಅಕೀಲೆ ಅವರ ನಂಟು ಮುಂದುವರಿಯಿತು. ಅವರ ಜತೆಗೆ ಫಿಲಿಪ್ ಸ್ಟಾರ್ಕ್, ಜಾಸ್ಪರ್ ಮಾರಿಸನ್, ಕಾನ್‌ಸ್ಟಾಂಟಿನ್ ಗ್ರಿಚಿಚ್ ಮೊದಲಾದ ಹೊರಗಿನ ವಿನ್ಯಾಸಕರು ಬಂದರು. ಎಲ್ಲವೂ ನನಗೆ ಒಪ್ಪಿಗೆಯಲ್ಲ. 2005ರಲ್ಲಿ ಸ್ಟಾರ್ಕ್ ಬಂದೂಕಿನ ಆಕಾರದ ಕಾಲುಗಳ ಮೇಲೆ ನಿಲ್ಲಿಸಿದ ದೀಪಗಳು ಮಾತನ್ನು ಮೊದಲು ಆಡಿ ಬೆಳಕನ್ನು ಆಮೇಲೆ ನೆನೆದುಕೊಂಡಂತೆ ಕಾಣುತ್ತವೆ. ಆದರೆ ಮೈಕಲ್ ಅನಸ್ತಾಸಿಯಾಡಿಸ್ ಕೋಣೆಯ ಉದ್ದಗಲಕ್ಕೆ ತಂತಿಯನ್ನೇ ಗೆರೆಯಂತೆ ಬಿಗಿದು ದೀಪ ತೂಗಿಬಿಟ್ಟದ್ದನ್ನು ನೋಡಿದಾಗ ಪಾರೆಂತೇಸಿಯ ಕೇಬಲ್ ನೆನಪಾಗದೆ ಇರುವುದಿಲ್ಲ.

ನಕಲಿನ ಮಾತೂ ಬರಬೇಕು, ಏಕೆಂದರೆ ನಾನು ಮಾಡುತ್ತಿರುವುದೂ ಒಂದರ್ಥದಲ್ಲಿ ನಕಲೇ. ಆರ್ಕೊವನ್ನು ಹೋಲುವ ದೀಪವನ್ನು ಇಟಲಿಗೆ ತರಿಸಿ ಮಾರುತ್ತಿದ್ದವರ ವಿರುದ್ಧ ಫ್ಲೋಸ್ ಮಿಲಾನಿನಲ್ಲಿ ಹೂಡಿದ ಮೊಕದ್ದಮೆ ಯುರೋಪಿನ ನ್ಯಾಯಾಲಯದವರೆಗೂ ಹೋಗಿ, 2011ರಲ್ಲಿ ಬಂದ ತೀರ್ಪು ಕಾರ್ಖಾನೆಯಲ್ಲಿ ತಯಾರಾಗುವ ಹಳೆಯ ವಿನ್ಯಾಸಗಳಿಗೂ ಕೃತಿಸ್ವಾಮ್ಯ ಸಲ್ಲುವ ದಾರಿಯನ್ನು ಬಲಪಡಿಸಿತು. ಆದ್ದರಿಂದಲೇ ಅಳತೆಪಟ್ಟಿಯನ್ನು ಯಾರಿಗೂ ಹಂಚುತ್ತಿಲ್ಲ. ಇಲ್ಲಿ ಬರೆದಿರುವುದು ಹಗ್ಗ ಮತ್ತು ಗೂಟದ ಲೆಕ್ಕ, ಅದು ಯಾರ ಸ್ವತ್ತೂ ಅಲ್ಲ.

ಶನಿವಾರ ಸಂಜೆ ದೀಪ ಹೊತ್ತಿಸಿದೆವು. ಅಮ್ಮ ಲೋಟವನ್ನು ಗುರುತಿಸಿದರು, ಆಮೇಲೆ ಕೊಕ್ಕೆಯನ್ನು ನೋಡಿದರು. ಮೇಜಿನ ಎತ್ತರದಿಂದ ಚಾಪೆಯ ಎತ್ತರಕ್ಕೆ ಇಳಿಸಲು ಎರಡು ಸೆಕೆಂಡು ಸಾಕು. ಕೊರತೆ ಎರಡು. ದೀಪವನ್ನು ಒಂದೇ ದಿಕ್ಕಿಗೆ ನಾಲ್ಕೈದು ಸಲ ತಿರುಗಿಸಿದರೆ ವಿದ್ಯುತ್ ತಂತಿ ಕೇಬಲ್ಲಿಗೆ ಸುತ್ತಿಕೊಳ್ಳುತ್ತದೆ, ಅದಕ್ಕೆ ಇನ್ನೂ ಅರ್ಧ ಮೀಟರ್ ತಂತಿ ಸಡಿಲ ಬಿಡಬೇಕು. ಕಬ್ಬಿಣದ ಬಟ್ಟುಗಳು ಅಲುಗಿದಾಗಲೆಲ್ಲ ಕೆಂಪು ನೆಲಕ್ಕೆ ಬಡಿದು ಸದ್ದು ಮಾಡುತ್ತವೆ, ಅವಕ್ಕೆ ಹೊದಿಸಲು ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಇಟ್ಟಿದ್ದೇನೆ.