ಬೇಯದ ಹುರುಳಿಕಾಳು, ಬೋರ್‌ವೆಲ್ ನೀರು

ಭಾನುವಾರ, 13 ಜುಲೈ 2025, ಬೆಂಗಳೂರು

ಇವತ್ತು ಹುರುಳಿಕಾಳು ಬೆಂತು. ಎರಡು ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಮೆತ್ತಗೆ. ಹೋದ ಭಾನುವಾರದಿಂದ ತಲೆಯಲ್ಲಿ ಇದೇ ಕೊರೆಯುತ್ತಿತ್ತು.

ಹೋದ ವಾರ ಅತ್ತೆ ಮಾವ ಊಟಕ್ಕೆ ಬಂದಿದ್ದರು. ಆಷಾಢದ ಗಾಳಿ, ಜೊತೆಗೆ ತುಂತುರು ಮಳೆ, ಬಸ್ಸಾರು ಮುದ್ದೆ ಮಾಡೋಣ ಅಂತ ಹಿಂದಿನ ರಾತ್ರಿಯೇ ಕಾಳು ನೆನೆಹಾಕಿದ್ದೆ. ಬೆಳಿಗ್ಗೆ ಆರು ವಿಷಲ್ ಕೂಗಿಸಿದೆ, ಬೇಯಲಿಲ್ಲ. ಮತ್ತೆ ಐದು ಕೂಗಿಸಿದೆ. ಆಗಲೂ ಒಳಗೆ ಗಟ್ಟಿ. ಹೊತ್ತಾಗಿತ್ತು, ಹಾಗೇ ಬಸಿದು ಪಲ್ಯಕ್ಕೆ ಒಗ್ಗರಣೆ ಹಾಕಿದೆ. ಮಾವ ಏನೂ ಅನ್ನಲಿಲ್ಲ, ಆದರೆ ಪಲ್ಯವನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದರು. ಅವರಿಗೆ ಹಲ್ಲಿನ ತೊಂದರೆ ಇದೆ. ನನಗೆ ತುಂಬಾ ಬೇಜಾರಾಯ್ತು.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. "ಹುಣಸೆಹುಳಿ ಮೊದ್ಲೇ ಹಾಕ್ಬಿಟ್ಯಾ?" ಅಂದಳು. ಇಲ್ಲಮ್ಮ ಅಂದೆ. "ಟೊಮೆಟೊ?" ಅದೂ ಇಲ್ಲ. "ಕಾಳು ಹಳೇದಾ?" ನೀನೇ ಕೊಟ್ಟಿದ್ದಲ್ವಾ, ಈ ಸಲದ ಬೆಳೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನೀರು ನೋಡು. ನಮ್ಮೂರಲ್ಲೂ ಬೋರು ಬಂದ್ಮೇಲೇನೇ ಬೇಳೆ ಬೇಯೋದು ತಡ ಆಗಿದ್ದು. ನಾನು ಈಗ್ಲೂ ಮಳೆ ನೀರು ಹಿಡಿದಿಟ್ಕೊಂಡಿದ್ರೆ ಅದನ್ನೇ ಹಾಕೋದು" ಅಂದಳು.

ಹೌದಲ್ವಾ! ಏಪ್ರಿಲ್‌ನಲ್ಲಿ ಮನೆ ಬದಲಾಯಿಸಿದೆವು. ಹಳೇ ಮನೆಗೆ ಕಾವೇರಿ ನೀರು ಬರುತ್ತಿತ್ತು, ಇಲ್ಲಿ ಬರೀ ಬೋರ್‌ವೆಲ್. ನಲ್ಲಿಯ ಮೂತಿಗೆ, ನೀರು ಕಾಯಿಸುವ ಪಾತ್ರೆಗೆ ಬಿಳಿ ಬಿಳಿಯಾಗಿ ಪೊರೆ ಕಟ್ಟಿದೆ. ದಿನಾ ಉಜ್ಜುತ್ತಿದ್ದೆ, ಆದರೆ ಅದಕ್ಕೂ ಕಾಳಿಗೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

ಆಮೇಲೆ ಕೂತು ಓದಿದೆ. ಕಾಳಿನೊಳಗೆ ಒಂದಕ್ಕೊಂದು ಅಂಟಿಕೊಂಡ ಸಣ್ಣ ಸಣ್ಣ ಕೋಶಗಳಿರುತ್ತವೆ, ಆ ಅಂಟಿನ ಹೆಸರು ಪೆಕ್ಟಿನ್. ಬೇಯೋದು ಅಂದರೆ ಆ ಅಂಟು ಕರಗಿ ಕೋಶಗಳು ಬಿಟ್ಟುಕೊಳ್ಳೋದು. ನಮ್ಮ ಬೋರ್‌ನಂಥ ಗಡಸು ನೀರಲ್ಲಿ ಜಾಸ್ತಿ ಇರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನೋ ಲವಣಾಂಶಗಳು ಆ ಅಂಟನ್ನು ಇನ್ನೂ ಬಿಗಿ ಮಾಡುತ್ತವೆ. ಹುಳಿ ಬಿದ್ದರೂ ಅಂಟು ಕರಗಲ್ಲ. ಅಮ್ಮ ಯಾವ ಪುಸ್ತಕವನ್ನೂ ಓದದೆ ಕೇಳಿದ ಪ್ರಶ್ನೆಗಳೆಲ್ಲ ಸರಿಯಾಗೇ ಇದ್ದವು. ಸೆಕೆ, ತೇವ ಇರೋ ಕಡೆ ವರ್ಷಗಟ್ಟಲೆ ಇಟ್ಟ ಕಾಳೂ ಹೀಗೇ ಕಲ್ಲಾಗುತ್ತದಂತೆ. ಅಂಗಡಿಯಲ್ಲಿ ಪ್ಯಾಕ್ ಮಾಡಿದ ತಾರೀಖು ನೋಡಿ ತಗೊಳ್ಳಿ, ಆದರೆ ಅದು ಪ್ಯಾಕ್ ಮಾಡಿದ ದಿನ, ಬೆಳೆ ಕೊಯ್ದ ದಿನ ಅಲ್ಲ.

ನಿನ್ನೆ ಸಂಜೆ ಮೊರ ತಗೊಂಡು ಕೂತೆ. ಹುರುಳಿಕಾಳಲ್ಲಿ ಕಲ್ಲು ಹುಡುಕೋದು ಅಕ್ಕಿಯಷ್ಟು ಸುಲಭ ಅಲ್ಲ. ಅದೇ ಕಂದು ಬಣ್ಣ, ಹೆಚ್ಚುಕಡಿಮೆ ಅದೇ ಗಾತ್ರ. ಕೇರಿ, ಆರಿಸಿ, ಕೊನೆಗೆ ನೀರಲ್ಲಿ ಗಾಳಿಸಿದಾಗ ಪಾತ್ರೆಯ ತಳದಲ್ಲಿ ಟಿಣ್ ಅಂತ ಎರಡು ಕಲ್ಲು ಸಿಕ್ಕವು. ಆಮೇಲೆ ಕಾಳನ್ನು ಮೂರು ಪಾಲು ಮಾಡಿದೆ. ಒಂದಕ್ಕೆ ಬರೀ ಬೋರ್ ನೀರು. ಒಂದಕ್ಕೆ ಬೋರ್ ನೀರಿಗೆ ಲೀಟರಿಗೆ ಒಂದು ಚಮಚದ ಲೆಕ್ಕದಲ್ಲಿ ಉಪ್ಪು. ಇನ್ನೊಂದಕ್ಕೆ ಗಡಸುತನ ತೆಗೆಯುವ ಆರ್‌ಒ ಫಿಲ್ಟರ್‌ನ ಕುಡಿಯುವ ನೀರು. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ ನಾನೂ ನಂಬಿದ್ದೆ. ಆದರೆ ನೆನೆಸುವಾಗ ಹಾಕಿದ ಉಪ್ಪು ಒಳ್ಳೇದೇ ಮಾಡುತ್ತದೆ, ಅದರ ಸೋಡಿಯಂ ಕ್ಯಾಲ್ಸಿಯಂ ಜಾಗಕ್ಕೆ ಹೋಗಿ ಅಂಟನ್ನು ಸಡಿಲ ಮಾಡುತ್ತದೆ.

ಹನ್ನೆರಡು ಗಂಟೆ ನೆಂದ ಮೇಲೆ ಬೆಳಿಗ್ಗೆ ನೋಡಿದರೆ ಕಾಳು ಉಬ್ಬಿ ಎರಡರಷ್ಟಾಗಿತ್ತು. ಮೂರರಲ್ಲೂ ಒಂದಷ್ಟು ಕಾಳು ಮಾತ್ರ ಹಾಗೇ ಚಿಕ್ಕದಾಗಿ, ಹೊಳೆಯುತ್ತಾ ಕೂತಿದ್ದವು. ಅವುಗಳ ಸಿಪ್ಪೆ ನೀರನ್ನೇ ಒಳಗೆ ಬಿಟ್ಟಿಲ್ಲ. ಹಲ್ಲಿಗೆ ಸಿಗೋದು ಇವೇ, ಆರಿಸಿ ತೆಗೆದೆ. ನೆನೆಸಿದ ನೀರು ಚೆಲ್ಲಿ, ಮೂರು ಪಾಲನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ಆಯಾ ನೀರನ್ನೇ ಹೊಸದಾಗಿ ಹಾಕಿ (ಈ ಸಲ ಉಪ್ಪಿಲ್ಲದೆ) ಒಂದೇ ಕುಕ್ಕರಲ್ಲಿ ಇಟ್ಟೆ. ಮೂರು ವಿಷಲ್, ಆಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ.

ಬರೀ ಬೋರ್ ನೀರಿನದು ಹೋದ ವಾರದ ಹಾಗೇ. ಹೊರಗೆ ಮೆತ್ತಗೆ, ಕಚ್ಚಿದರೆ ಒಳಗೆ ತಿರುಳು ಗಟ್ಟಿ. ಉಪ್ಪಲ್ಲಿ ನೆನೆದದ್ದು ಚೆನ್ನಾಗಿ ಬೆಂದಿತ್ತು. ಫಿಲ್ಟರ್ ನೀರಿನದಂತೂ ಬೆಣ್ಣೆ. ಆ ಒಂದು ಡಬ್ಬಿಯನ್ನು ಮುಂದೆ ಇಟ್ಟುಕೊಂಡು ಒಂದೊಂದೇ ಕಾಳು ಒತ್ತಿ ಒತ್ತಿ ನೋಡಿದೆ, ಅಷ್ಟು ಖುಷಿ.

ಅಡುಗೆ ಸೋಡಾ ಚಿಟಿಕೆ ಹಾಕಿದರೂ ಬೇಗ ಬೇಯುತ್ತದೆ, ಆದರೆ ಒಂಚೂರು ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ, ಬಿ1 ವಿಟಮಿನ್ನೂ ಹಾಳು. ಬಸ್ಸಾರಿಗೆ ಕಟ್ಟೇ (ಕಾಳು ಬೇಯಿಸಿ ಬಸಿದ ನೀರು) ಜೀವ, ಅದಕ್ಕೆ ನಾನು ಸೋಡಾ ಹಾಕಲ್ಲ.

ಗಟ್ಟಿ ಉಳಿದ ಪಾಲನ್ನು ಫಿಲ್ಟರ್ ನೀರಲ್ಲಿ ಮತ್ತೆ ಬೇಯಲು ಇಟ್ಟು, ಉಳಿದೆರಡನ್ನು ಸೇರಿಸಿ ಬಸಿದೆ. ಒಂದು ಹಿಡಿ ಬೆಂದ ಕಾಳು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯಾ, ಜೀರಿಗೆ, ಮೆಣಸು, ಕಾಯಿತುರಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದೆ. ಹುಣಸೆರಸ ಹಾಕಿದ್ದೂ ಆಗ ಮಾತ್ರ, ಕಾಳು ಬೆಂದಾದ ಮೇಲೆ. ಉಳಿದ ಕಾಳು ಪಲ್ಯಕ್ಕೆ.

ಮಧ್ಯಾಹ್ನ ಟಿಫಿನ್ ಕ್ಯಾರಿಯರ್‌ನಲ್ಲಿ ಹಾಕಿಕೊಂಡು ಅತ್ತೆ ಮನೆಗೇ ಹೋದೆ. ಮಾವ ಮುದ್ದೆ ಮುರಿದು ಸಾರಲ್ಲಿ ಅದ್ದಿದರು, ಪಲ್ಯ ಎರಡು ಸಲ ಹಾಕಿಸಿಕೊಂಡರು. "ಇವತ್ತು ಕಾಳು ಬೆಂದೈತಮ್ಮ" ಅಂದರು. ಸಾರು ಇನ್ನೂ ಅರ್ಧ ಪಾತ್ರೆ ಉಳಿದಿದೆ, ನಾಳೆಗೆ ಇನ್ನೂ ರುಚಿಯಾಗಿರುತ್ತದೆ. ಮಲಗೋ ಮುಂಚೆ ಒಂದು ಕುದಿ ಕುದಿಸಿಡಬೇಕು.